ಟೀಚರ್, ಗೃಹಿಣಿ, ಅಜ್ಜಿ: ಕಾನ್ಸಾಸ್‌ನ ಮೆನೊನೈಟ್ ಹೆಂಗಸಿನ ಬದುಕಿನಲ್ಲಿ ಏನೇನಿತ್ತು?

ಮೆನೊನೈಟರು ಅಂದರೆ ಯುದ್ಧ ಒಲ್ಲದ ಒಂದು ಕ್ರೈಸ್ತ ಪಂಗಡ. ಅಮೆರಿಕದಲ್ಲಿ ಅವರ ನಿಧನ ವಾರ್ತೆಗಳನ್ನು ನಾಲ್ಕಾರು ಓದಿದರೆ ಸಾಕು, ಅದರ ಧಾಟಿ ಗೊತ್ತಾಗಿಬಿಡುತ್ತದೆ. ವಯಸ್ಸಾದ ಹೆಂಗಸೊಬ್ಬರು ತೀರಿಕೊಂಡಿದ್ದಾರೆ. ಹುಟ್ಟಿದ್ದು ಹೊಲದ ಮನೆಯಲ್ಲಿ. ಇಂಥ ವರ್ಷ, ಇಂಥ ಚರ್ಚಿನಲ್ಲಿ ದೀಕ್ಷಾಸ್ನಾನ. ಒಂದಷ್ಟು ವರ್ಷ ಹಳ್ಳಿ ಶಾಲೆಯಲ್ಲಿ ಟೀಚರ್. ಆಮೇಲೆ ಮದುವೆ, ಮಕ್ಕಳು, ಮನೆವಾರ್ತೆ. ಹೊಲಿಗೆ ಕೂಟದ ಸದಸ್ಯೆ. ಕೌದಿ ಹೊಲಿಯುತ್ತಿದ್ದರು, ಬನ್ನು ಚೆನ್ನಾಗಿ ಮಾಡುತ್ತಿದ್ದರು. ಇಷ್ಟು ಮಕ್ಕಳು, ಇಷ್ಟು ಮೊಮ್ಮಕ್ಕಳು, ಇಷ್ಟು ಮರಿಮಕ್ಕಳು. ಮುಗಿಯಿತು.

ಈ ಪದ್ಧತಿ ಹಳೆಯದು. ರಷ್ಯಾದಿಂದ ಬಂದ ಮೆನೊನೈಟರಲ್ಲಿ ಸತ್ತವರ ಜೀವನ ವೃತ್ತಾಂತವನ್ನು ಅಂತ್ಯಕ್ರಿಯೆಯಲ್ಲೇ ಗಟ್ಟಿಯಾಗಿ ಓದುತ್ತಿದ್ದರು. ಎಷ್ಟೋ ಜನ ಬದುಕಿದ್ದಾಗಲೇ ಅದನ್ನು ತಾವೇ ಬರೆದಿಡುತ್ತಿದ್ದರು. ಹೊರಗಿನವರು ಓದಿದರೆ ಇದರಲ್ಲಿ ಏನೂ ನಡೆದೇ ಇಲ್ಲವಲ್ಲ ಅನ್ನಿಸುತ್ತದೆ. ಆದರೆ ಒಂದೊಂದು ಸಾಲಿನ ಹಿಂದೆಯೂ ಒಂದು ಯುದ್ಧವೋ, ಕಾನೂನೋ, ಬರಗಾಲವೋ ನಿಂತಿರುತ್ತದೆ. 1920ರ ಆಸುಪಾಸಿನಲ್ಲಿ ಕಾನ್ಸಾಸ್ ರಾಜ್ಯದ ನ್ಯೂಟನ್, ಗೆಸೆಲ್, ಹಿಲ್ಸ್‌ಬರೊ ಸುತ್ತಮುತ್ತ ಹುಟ್ಟಿದ ಹೆಣ್ಣುಮಗಳನ್ನು ಮನಸ್ಸಲ್ಲಿಟ್ಟುಕೊಂಡು ಆ ಸಾಲುಗಳನ್ನು ಬಿಡಿಸೋಣ. ಇಲ್ಲಿ ಯಾರೊಬ್ಬರ ಖಾಸಗಿ ಕಥೆಯೂ ಇಲ್ಲ. ಆ ಪೀಳಿಗೆಯ ಸಾವಿರಾರು ಹೆಂಗಸರು ನಡೆದ ದಾರಿ ಮಾತ್ರ ಇದೆ.

ದೀಕ್ಷಾಸ್ನಾನಕ್ಕೆ ಬೇರೆ ತಾರೀಖು ಯಾಕೆ?

ಮೊದಲು ಒಂದು ತಪ್ಪು ಕಲ್ಪನೆ ಬಿಡೋಣ. ಮೆನೊನೈಟರು ಅಂದ ತಕ್ಷಣ ಕುದುರೆಗಾಡಿ, ಕರಿ ಟೋಪಿ, ಕರೆಂಟಿಲ್ಲದ ಮನೆ ನೆನಪಾಗುತ್ತದೆ, ಅಲ್ವಾ? ಅದು ಹೆಚ್ಚಾಗಿ ಆಮಿಶ್ ಜನರ ಚಿತ್ರ. ಇಬ್ಬರ ಬೇರೂ ಒಂದೇ, 1693ರಲ್ಲಿ ಯಾಕೋಬ್ ಅಮ್ಮಾನ್ ಎಂಬಾತನ ಹಿಂದೆ ಹೋದವರು ಆಮಿಶ್ ಆದರು. ಹಳೆಯ ಕಟ್ಟುಪಾಡು ಬಿಡದ ಕೆಲವು ಮೆನೊನೈಟ್ ಪಂಗಡಗಳೂ ಇವೆ. ಉಳಿದ ಮೆನೊನೈಟರಲ್ಲಿ ಬಹುತೇಕರು ಕಾರು ಓಡಿಸುತ್ತಾರೆ, ಕಾಲೇಜಿಗೆ ಹೋಗುತ್ತಾರೆ, ಟ್ರ್ಯಾಕ್ಟರು ಬಂದಾಗ ಖುಷಿಯಿಂದ ಕೊಂಡವರು. ಕಾನ್ಸಾಸ್‌ನಲ್ಲೇ ಎರಡು ಬಗೆ. ಹೆಸ್ಟನ್ ಕಡೆಯವರು ಪೆನ್ಸಿಲ್ವೇನಿಯಾ, ಸ್ವಿಸ್ ಮೂಲದವರು. ಅಲ್ಲಿ ಹೆಂಗಸರು ತಲೆಗೆ ಬಿಳಿ ಬಲೆಯ ಟೊಪ್ಪಿಗೆ ಹಾಕುತ್ತಿದ್ದರು. ನ್ಯೂಟನ್, ಗೆಸೆಲ್ ಕಡೆಯ ರಷ್ಯಾ ಮೂಲದವರಲ್ಲಿ ಆ ನಿಯಮ ಇರಲಿಲ್ಲ. ಎರಡು ಊರಿನ ನಡುವೆ ಕೆಲವೇ ಮೈಲಿ ದೂರ, ಆದರೆ ಒಬ್ಬರ ಕಣ್ಣಿಗೆ ಇನ್ನೊಬ್ಬರು ಸ್ವಲ್ಪ ಬೇರೆಯೇ.

1525ರ ಜನವರಿಯಲ್ಲಿ ಜ್ಯೂರಿಕ್‌ನಲ್ಲಿ ಕೆಲವು ಯುವಕರು ಒಬ್ಬರಿಗೊಬ್ಬರು ದೀಕ್ಷಾಸ್ನಾನ ಕೊಟ್ಟುಕೊಂಡರು. ಮಗುವಾಗಿದ್ದಾಗ ಕೊಟ್ಟದ್ದು ಲೆಕ್ಕಕ್ಕಿಲ್ಲ, ನಂಬಿಕೆಯನ್ನು ಬುದ್ಧಿ ಬಂದ ಮೇಲೆ ತಾನೇ ಆರಿಸಿಕೊಳ್ಳಬೇಕು ಅಂತ ಅವರ ವಾದ. ಈಗ ಕೇಳಿದರೆ ಇದರಲ್ಲೇನಿದೆ ಅನ್ನಿಸುತ್ತದೆ. ಆಗ ಚರ್ಚೂ ಸರ್ಕಾರವೂ ಒಂದೇ ಆಗಿದ್ದ ಕಾಲ. ಇದು ರಾಜದ್ರೋಹವೇ ಆಯಿತು. ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಜ್‌ನನ್ನು 1527ರಲ್ಲಿ ಲಿಮ್ಮಾತ್ ನದಿಯಲ್ಲಿ ಮುಳುಗಿಸಿ ಕೊಂದರು. ನೆದರ್‌ಲ್ಯಾಂಡ್ಸ್ ಕಡೆ ಮೆನ್ನೊ ಸೈಮನ್ಸ್ ಎಂಬ ಪಾದ್ರಿ 1536ರಲ್ಲಿ ಕ್ಯಾಥೊಲಿಕ್ ಚರ್ಚು ಬಿಟ್ಟು ಇವರನ್ನು ಸೇರಿಕೊಂಡ. ಮೆನೊನೈಟ್ ಎಂಬ ಹೆಸರು ಅವನಿಂದ ಬಂತು.

ನಿಧನ ವಾರ್ತೆಯಲ್ಲಿ ಹುಟ್ಟಿದ ದಿನದ ಜೊತೆಗೆ ದೀಕ್ಷಾಸ್ನಾನದ ವರ್ಷವನ್ನೂ ಬರೆಯುವುದು ಇದಕ್ಕೇ. ನಮ್ಮ ಹುಡುಗಿ ಹದಿನೈದು ಹದಿನಾರರ ವಯಸ್ಸಿನಲ್ಲಿ ಧರ್ಮಪಾಠ ಕಲಿತು, ಸಭೆಯ ಮುಂದೆ ಹೌದು ಅಂದಿರುತ್ತಾಳೆ. ಆ ಮಾತಿನ ಜೊತೆ ಇನ್ನೊಂದು ಕಟ್ಟುಪಾಡೂ ಬರುತ್ತದೆ. ಕತ್ತಿ ಹಿಡಿಯಬಾರದು, ಯುದ್ಧಕ್ಕೆ ಹೋಗಬಾರದು. ಈ ಮನೆಗಳ ಮಕ್ಕಳಿಗೆಲ್ಲ ಗೊತ್ತಿರುವ ಒಂದು ಹಳೆಯ ಚಿತ್ರವಿದೆ. 1569ರಲ್ಲಿ ಡಿರ್ಕ್ ವಿಲ್ಲೆಮ್ಸ್ ಎಂಬಾತ ಸೆರೆಯಿಂದ ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ಓಡುತ್ತಾನೆ. ಅಟ್ಟಿಸಿಕೊಂಡು ಬಂದವನು ಮಂಜು ಒಡೆದು ನೀರಿಗೆ ಬೀಳುತ್ತಾನೆ. ಡಿರ್ಕ್ ವಾಪಸ್ ಬಂದು ಅವನನ್ನು ಎತ್ತುತ್ತಾನೆ. ಅವನನ್ನೇ ಹಿಡಿದು ಸುಡುತ್ತಾರೆ. ಮಕ್ಕಳಿಗೆ ಹೇಳುವ ಕಥೆಯಾ ಇದು ಅಂತ ನನಗನ್ನಿಸಿದ್ದುಂಟು. ಆದರೆ ಅವರು ಹೇಳಿದರು, ಹೇಳುತ್ತಲೇ ಬಂದರು.

ಗೋಧಿಯ ಹೊಲ

ಯುದ್ಧ ಒಲ್ಲೆ ಎಂದವರು ಒಂದೇ ಕಡೆ ನೆಲೆ ನಿಲ್ಲುವುದು ಕಷ್ಟ. ನೆದರ್‌ಲ್ಯಾಂಡ್ಸ್‌ನಿಂದ ಪ್ರಶ್ಯಾದ ವಿಸ್ತುಲಾ ನದಿಯ ಜೌಗು ನೆಲಕ್ಕೆ ಹೋದರು. ಅಲ್ಲಿಂದ ರಷ್ಯಾದ ರಾಣಿ ಕ್ಯಾಥರಿನ್ ಕರೆದಳೆಂದು ಈಗಿನ ಯುಕ್ರೇನಿಗೆ ಹೋದರು. 1789ರಲ್ಲಿ ಖೋರ್ತಿತ್ಸಾ, 1804ರಲ್ಲಿ ಮೊಲೊಚ್ನಾ ವಸಾಹತುಗಳು ಎದ್ದವು. ಸೇನೆಯಿಂದ ವಿನಾಯಿತಿ ಕೊಟ್ಟಿದ್ದ ರಷ್ಯಾ 1870ರ ದಶಕದಲ್ಲಿ ಎಲ್ಲರಿಗೂ ಸೇನಾ ಸೇವೆ ಕಡ್ಡಾಯ ಎಂದಾಗ ಸುಮಾರು 18,000 ಜನ ಉತ್ತರ ಅಮೆರಿಕಕ್ಕೆ ಹೊರಟರು. ಒಂದು ಭಾಗ ಕೆನಡಾದ ಮ್ಯಾನಿಟೋಬಾಕ್ಕೆ, ಉಳಿದವರು ಕಾನ್ಸಾಸ್, ನೆಬ್ರಾಸ್ಕಾ, ಮಿನ್ನೆಸೋಟ, ಡಕೋಟಾ ಕಡೆಗೆ. ಅಲೆಕ್ಸಾಂಡರ್‌ವೋಲ್ ಎಂಬ ಸಭೆ ಹೆಚ್ಚುಕಡಿಮೆ ಇಡಿಯಾಗಿ ಎದ್ದು 1874ರಲ್ಲಿ ಗೆಸೆಲ್ ಹತ್ತಿರ ಬಂದಿಳಿಯಿತು. ಸಾಂತಾ ಫೆ ರೈಲ್ವೆ ಕಂಪನಿಗೆ ಹಳಿಯ ಪಕ್ಕದ ಜಮೀನು ಮಾರಬೇಕಿತ್ತು, ಇವರಿಗೆ ಜಮೀನು ಬೇಕಿತ್ತು. ಸೇನಾ ಸೇವೆಯಿಂದ ಇವರನ್ನು ಬಿಡಲು ಕಾನ್ಸಾಸ್ ತನ್ನ ಕಾನೂನನ್ನೇ ತಿದ್ದಿತು.

ಇವರ ಜೊತೆ ಟರ್ಕಿ ರೆಡ್ ಎಂಬ ಗಟ್ಟಿ ಗೋಧಿಯೂ ಬಂತು. ಶರತ್ಕಾಲದಲ್ಲಿ ಬಿತ್ತಿ ಜೂನ್‌ನಲ್ಲಿ ಕೊಯ್ಯುವ ಬೆಳೆ. ಹಿಮದ ಕೆಳಗೆ ಬದುಕುಳಿಯುತ್ತದೆ, ಬೇಸಿಗೆಯ ಬಿಸಿಗಾಳಿಗೆ ಮುಂಚೆ ಕೈಗೆ ಬರುತ್ತದೆ. ಎಂಟು ವರ್ಷದ ಹುಡುಗಿಯೊಬ್ಬಳು ಒಳ್ಳೆಯ ಕಾಳುಗಳನ್ನು ಒಂದೊಂದಾಗಿ ಆರಿಸಿ ತಂದಳು ಅಂತ ಅಲ್ಲಿ ಒಂದು ಕಥೆ ಚಾಲ್ತಿಯಲ್ಲಿದೆ. ಅದು ದಂತಕಥೆ, ಇತಿಹಾಸಕಾರರು ಅಷ್ಟಾಗಿ ಒಪ್ಪುವುದಿಲ್ಲ. ಬರ್ನ್‌ಹಾರ್ಡ್ ವಾರ್ಕೆಂಟಿನ್ ಎಂಬ ಗಿರಣಿ ಮಾಲೀಕ ಆ ಗೋಧಿಯನ್ನು ಹರಡಿದ್ದು ಮಾತ್ರ ದಾಖಲೆಯಲ್ಲಿದೆ. ಮೊದಮೊದಲು ಒಕ್ಕಲು ಮಾಡಲು ಹಲ್ಲು ಹಲ್ಲಾಗಿ ಕೆತ್ತಿದ ಕಲ್ಲಿನ ಉರುಳೆ ಬಳಸಿದರು. ನಮ್ಮ ಕಡೆಯ ಕಣದಲ್ಲಿ ಎತ್ತುಗಳು ಎಳೆಯುತ್ತಿದ್ದ ರೋಣಗಲ್ಲಿನದೇ ಜಾತಿ. ಯಂತ್ರ ಬಂದು ಕಲ್ಲು ಮೂಲೆ ಸೇರಿತು. ಇವತ್ತಿಗೂ ನಾರ್ತ್ ನ್ಯೂಟನ್‌ನ ಬೆಥೆಲ್ ಕಾಲೇಜಿನ ಆಟದ ತಂಡಗಳಿಗೆ 'ಥ್ರೆಶರ್ಸ್', ಅಂದರೆ ಒಕ್ಕಲು ಮಾಡುವವರು, ಎಂದೇ ಹೆಸರು.

ಇಂಥ ಹೊಲದಲ್ಲಿ ಬೆಳೆಯುವ ಹುಡುಗಿಗೆ ಕೆಲಸವೇ ಆಟ, ಆಟವೇ ಕೆಲಸ ಅನ್ನುವುದೆಲ್ಲ ಸುಮ್ನೆ ಮಾತು. ಕೆಲಸ ಕೆಲಸವೇ. ಬೆಳಿಗ್ಗೆ ಹಸು ಕರೆಯಬೇಕು, ಕೋಳಿಗೆ ಕಾಳು ಹಾಕಬೇಕು, ಬಾವಿಯಿಂದ ನೀರು ತರಬೇಕು. 1930ರ ದಶಕದ ನಡುವಿನಲ್ಲೂ ಅಮೆರಿಕದ ಹತ್ತು ಹೊಲದ ಮನೆಗಳಲ್ಲಿ ಒಂದಕ್ಕೆ ಮಾತ್ರ ಕರೆಂಟು ಇತ್ತು. ಸುಗ್ಗಿಯಲ್ಲಿ ಗೋಧಿ ಬಡಿಯುವ ಯಂತ್ರದ ಜೊತೆ ಹತ್ತು ಹದಿನೈದು ಗಂಡಾಳುಗಳು ಬರುತ್ತಿದ್ದರು. ಅವರಿಗೆ ದಿನಕ್ಕೆ ಐದು ಸಲ ಊಟ ತಿಂಡಿ ಕೊಡಬೇಕು. ಬೆಳಗಿನದು, ಹತ್ತು ಗಂಟೆಯದು, ಮಧ್ಯಾಹ್ನದ್ದು, ಸಂಜೆ ಹೊಲಕ್ಕೇ ಒಯ್ಯುವುದು, ರಾತ್ರಿಯದು. ಜೂನ್ ತಿಂಗಳ ಕಾನ್ಸಾಸ್ ಬಿಸಿಲಲ್ಲಿ ಸೌದೆ ಒಲೆಯ ಮುಂದೆ! ಲೆಕ್ಕದ ಪುಸ್ತಕದಲ್ಲಿ ಗೋಧಿ ಅಪ್ಪನ ಆದಾಯ. ಮೊಟ್ಟೆ ಮತ್ತು ಕೆನೆ ಅಮ್ಮನದು. ಶನಿವಾರ ಪೇಟೆಗೆ ಹೋಗಿ ಮೊಟ್ಟೆ, ಕೆನೆ ಮಾರಿ ಬಂದ ದುಡ್ಡಿನಲ್ಲಿ ಸಕ್ಕರೆ, ಕಾಫಿಪುಡಿ, ಸೀಮೆಎಣ್ಣೆ ಬರುತ್ತಿತ್ತು. ಗೋಧಿಯ ಬೆಲೆ ಬಿದ್ದುಹೋದ 1930ರ ದಶಕದಲ್ಲಿ, ಧೂಳಿನ ಬಿರುಗಾಳಿಗಳ ಕಾಲದಲ್ಲಿ, ಎಷ್ಟೋ ಮನೆ ನಡೆದದ್ದು ಈ ಮೊಟ್ಟೆ ದುಡ್ಡಿನಿಂದ. ಕೋಳಿ ಮೇವಿನ ಚೀಲಗಳು ಹೂವಿನ ಅಚ್ಚಿನ ಹತ್ತಿ ಬಟ್ಟೆಯಲ್ಲಿ ಬರುತ್ತಿದ್ದವು. ಅದನ್ನೇ ಬಿಚ್ಚಿ ಫ್ರಾಕು ಹೊಲಿದರು. ಫ್ರಾಕು ಹರಿದ ಮೇಲೆ ತುಂಡು ಮಾಡಿ ಕೌದಿಗೆ ಹಾಕಿದರು.

ಶಾಲೆಗೆ ಹೋದಳು, ಶಾಲೆಯಿಂದ ಹೊರಬಿದ್ದಳು

ಮನೆಯಲ್ಲಿ ಆಡುವುದು ಪ್ಲೌಟ್‌ಡೀಚ್, ಅಂದರೆ ತಗ್ಗುನಾಡಿನ ಜರ್ಮನ್. ಚರ್ಚಿನಲ್ಲಿ ಗ್ರಂಥಸ್ಥ ಜರ್ಮನ್. ಶಾಲೆಯಲ್ಲಿ ಇಂಗ್ಲಿಷ್. ಮೂರು ಭಾಷೆಯ ಮಗು. ಹಿಂದೆ ಸರ್ಕಾರಿ ಶಾಲೆ ಮುಗಿದ ಮೇಲೆ ಒಂದೆರಡು ತಿಂಗಳು ಜರ್ಮನ್ ಶಾಲೆಯನ್ನೂ ನಡೆಸುತ್ತಿದ್ದರು. ಮೊದಲನೇ ಮಹಾಯುದ್ಧ ಅದಕ್ಕೆ ಪೆಟ್ಟು ಕೊಟ್ಟಿತು. ಜರ್ಮನ್ ಮಾತಾಡುತ್ತಾರೆ, ಯುದ್ಧಕ್ಕೆ ಬರಲ್ಲ, ಯುದ್ಧ ಬಾಂಡು ಕೊಳ್ಳಲು ಹಿಂದೇಟು ಹಾಕುತ್ತಾರೆ. ಅಕ್ಕಪಕ್ಕದವರ ಸಿಟ್ಟಿಗೆ ಇಷ್ಟು ಸಾಕಾಯಿತು. ಹೇಡಿಗಳು ಎಂದು ಹಂಗಿಸಲು ಚರ್ಚುಗಳಿಗೆ, ಮನೆಗಳಿಗೆ ಹಳದಿ ಬಣ್ಣ ಬಳಿದರು. ಮೆನೊನೈಟರ ನೆಂಟಸ್ತಿಕೆಯ ಪಂಗಡವಾದ ಹಟರೈಟ್‌ಗಳ ಇಬ್ಬರು ಅಣ್ಣತಮ್ಮಂದಿರು, ಜೋಸೆಫ್ ಮತ್ತು ಮೈಕಲ್ ಹೋಫರ್, ಸೇನೆಯ ಸಮವಸ್ತ್ರ ಹಾಕಲ್ಲ ಎಂದದ್ದಕ್ಕೆ ಸೆರೆಯಾಗಿ 1918ರಲ್ಲಿ ಕಾನ್ಸಾಸ್‌ನ ಲೆವನ್‌ವರ್ತ್‌ನಲ್ಲಿ ಸತ್ತರು. 1920ರಲ್ಲಿ ಹುಟ್ಟಿದ ಮಗಳಿಗೆ ಇದೆಲ್ಲ ಅಪ್ಪ ಅಮ್ಮ ದನಿ ತಗ್ಗಿಸಿ ಹೇಳುವ ಹಳೆಯ ಮಾತು. ಆದರೆ ಇಂಗ್ಲಿಷ್ ಚೆನ್ನಾಗಿ ಕಲಿತವಳು ಮನೆಗೆ ಬೇಕು ಎಂಬುದು ಅಷ್ಟರಲ್ಲಿ ಎಲ್ಲರಿಗೂ ಅರ್ಥವಾಗಿತ್ತು.

ಏಕೋಪಾಧ್ಯಾಯ ಶಾಲೆ ಅಂದರೆ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. 1930ರಲ್ಲಿ ಅಮೆರಿಕದಲ್ಲಿ ಅಂಥ ಶಾಲೆಗಳು ಸುಮಾರು 1,49,000 ಇದ್ದವು. ಹೈಸ್ಕೂಲಿನಲ್ಲೇ ಶಿಕ್ಷಕರ ತರಬೇತಿಯ ಪಾಠ ಓದಿ, ಪರೀಕ್ಷೆ ಪಾಸಾದರೆ ಹದಿನೆಂಟರ ಹುಡುಗಿಗೂ ಕೆಲಸ ಸಿಗುತ್ತಿತ್ತು. ಹೊಲದ ಮನೆಯ ಹೆಣ್ಣುಮಗಳಿಗೆ ಮರ್ಯಾದೆಯಿಂದ ದುಡಿದು ಸಂಬಳ ತರುವ ದಾರಿಗಳು ಬೆರಳೆಣಿಕೆಯಷ್ಟು. ಪಟ್ಟಣದ ಮನೆಗಳಲ್ಲಿ ಮನೆಗೆಲಸ, ನರ್ಸಿಂಗ್, ಟೀಚರ್ ಕೆಲಸ.

ಟೀಚರ್ ದಿನ ಶುರುವಾಗುತ್ತಿದ್ದದ್ದು ಕಲ್ಲಿದ್ದಲ ಒಲೆ ಹಚ್ಚುವುದರಿಂದ. ಮಕ್ಕಳು ಬರುವಷ್ಟರಲ್ಲಿ ಕೋಣೆ ಬೆಚ್ಚಗಿರಬೇಕು. ಒಂದನೇ ಕ್ಲಾಸಿನಿಂದ ಎಂಟನೇ ಕ್ಲಾಸಿನವರೆಗೆ ಎಲ್ಲರೂ ಒಂದೇ ಕೋಣೆಯಲ್ಲಿ. ಮುಂದೆ ಒಂದು ಉದ್ದ ಬೆಂಚು. ಮೂರನೇ ಕ್ಲಾಸಿನವರು ಅಲ್ಲಿಗೆ ಬಂದು ಮಗ್ಗಿ ಒಪ್ಪಿಸುವಾಗ ಒಂದನೆಯವರು ಅಕ್ಷರ ತಿದ್ದುತ್ತಾರೆ, ಏಳನೆಯವರು ಭೂಗೋಳ ಓದುತ್ತಾರೆ. ಕಿವಿ ಮಾತ್ರ ಎಲ್ಲರದ್ದೂ ಬೆಂಚಿನ ಕಡೆಗೇ. ಹಾಗಾಗಿ ಚೂಟಿ ಮಗು ತನ್ನ ಕ್ಲಾಸಿನದ್ದಲ್ಲದೆ ಮುಂದಿನ ಎರಡು ಕ್ಲಾಸಿನದ್ದನ್ನೂ ಕಲಿತುಬಿಡುತ್ತಿತ್ತು. ಒಂದನೇ ಕ್ಲಾಸಿಗೆ ಬಂದ ಮಗುವಿಗೆ ಇಂಗ್ಲಿಷ್ ಬರದಿದ್ದರೆ ಟೀಚರ್ ಮೆತ್ತಗೆ ಮನೆಮಾತಿನಲ್ಲೇ ಹೇಳುತ್ತಿದ್ದರು. ಗುಡಿಸುವುದು, ನೀರು ತುಂಬಿಸುವುದು, ಬಿದ್ದವರ ಮೊಣಕಾಲಿಗೆ ಔಷಧಿ, ಕ್ರಿಸ್‌ಮಸ್ ನಾಟಕ, ಎಲ್ಲ ಅವರದ್ದೇ. ವಾಸ ಯಾರದೋ ಹೊಲದ ಮನೆಯಲ್ಲಿ ಬಾಡಿಗೆ ಕೋಣೆ. ಅಂದರೆ ಶಾಲೆ ಬಿಟ್ಟ ಮೇಲೂ ವಿದ್ಯಾರ್ಥಿಯ ಅಪ್ಪ ಅಮ್ಮನ ಕಣ್ಣೆದುರಿಗೇ ಇರಬೇಕು.

ಆಮೇಲೆ ಬರುವ ಸಾಲು: "ಮದುವೆಯಾಗುವವರೆಗೆ ಟೀಚರ್ ಆಗಿದ್ದರು." ಓದಿದರೆ ಆಕೆಯೇ ಬಿಟ್ಟಂತೆ ಕೇಳಿಸುತ್ತದೆ. ಬಿಡಿಸಿದ್ದು ಎನ್ನುವುದೇ ಎಷ್ಟೋ ಕಡೆ ಸರಿ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಒಟ್ಟುಮಾಡಿದ ಅಂಕಿಗಳ ಪ್ರಕಾರ, 1942ರಲ್ಲಿ ಸಮೀಕ್ಷೆಗೆ ಸಿಕ್ಕ ಶಾಲಾ ಮಂಡಳಿಗಳಲ್ಲಿ ಶೇ. 87ರಷ್ಟು ಮದುವೆಯಾದ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಶೇ. 70ರಷ್ಟು, ಕೆಲಸದಲ್ಲಿರುವಾಗ ಮದುವೆಯಾದರೆ ಮನೆಗೆ ಕಳಿಸುತ್ತಿದ್ದವು. 1950ರ ಹೊತ್ತಿಗೆ ಈ ಅಂಕಿಗಳು ಶೇ. 18 ಮತ್ತು ಶೇ. 10ಕ್ಕೆ ಇಳಿದವು. ಜನರ ಮನಸ್ಸು ಒಮ್ಮೆಗೇ ಬದಲಾಯಿತು ಅಂತೇನಲ್ಲ. ಯುದ್ಧದ ಸಮಯದಲ್ಲಿ ಟೀಚರುಗಳೇ ಸಿಗಲಿಲ್ಲ, ಅಷ್ಟೇ.

ಗಂಡನಿಗೆ ಸಂಬಳವಿಲ್ಲದ ಯುದ್ಧ

ಎರಡನೇ ಮಹಾಯುದ್ಧದಲ್ಲಿ ಸರ್ಕಾರವೂ ಯುದ್ಧ ಒಲ್ಲದ ಮೆನೊನೈಟ್, ಕ್ವೇಕರ್, ಬ್ರೆದ್ರನ್ ಚರ್ಚುಗಳೂ ಮೊದಲೇ ಕೂತು ಮಾತಾಡಿಕೊಂಡವು. ಯುದ್ಧ ಒಲ್ಲೆ ಎಂದ ಯುವಕರು ದೇಶದೊಳಗೇ ಶಿಬಿರಗಳಲ್ಲಿದ್ದು ನಾಗರಿಕ ಕೆಲಸ ಮಾಡಬಹುದು ಅಂತ ಒಪ್ಪಂದ. 1941ರಿಂದ 1947ರವರೆಗೆ ಸುಮಾರು 12,000 ಗಂಡಸರು ಹೀಗೆ ಕೆಲಸ ಮಾಡಿದರು. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಮೆನೊನೈಟರೇ. ಮಣ್ಣು ಸಂರಕ್ಷಣೆ, ಕಾಡಿನ ಬೆಂಕಿ ಆರಿಸುವುದು, ಮಾನಸಿಕ ಆಸ್ಪತ್ರೆಗಳಲ್ಲಿ ಆರೈಕೆ. ಮಿನ್ನೆಸೋಟದಲ್ಲಿ 36 ಜನ ಹಸಿವಿನ ಪ್ರಯೋಗಕ್ಕೆ ತಮ್ಮ ಮೈಯನ್ನೇ ಒಡ್ಡಿಕೊಂಡರು. ಎಲ್ಲ ಮೆನೊನೈಟ್ ಯುವಕರೂ ಈ ದಾರಿ ಹಿಡಿದರು ಅಂದುಕೊಳ್ಳಬೇಡಿ. ಕರೆ ಬಂದವರಲ್ಲಿ ಸುಮಾರು ಶೇ. 46 ಜನ ಮಾತ್ರ ಹೀಗೆ ಹೋದರು. ಶೇ. 40ರಷ್ಟು ಸೇನೆಯನ್ನೇ ಸೇರಿದರು, ಉಳಿದವರು ಸೇನೆಯಲ್ಲಿ ಬಂದೂಕು ಹಿಡಿಯದ ಕೆಲಸಕ್ಕೆ ಹೋದರು. ಎಷ್ಟೋ ಮನೆಗಳಲ್ಲಿ ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ.

ಈ ಶಿಬಿರಗಳ ಕೆಲಸಕ್ಕೆ ಸಂಬಳ ಇರಲಿಲ್ಲ. ಕೈಖರ್ಚಿಗೆ ತಿಂಗಳಿಗೆ ಕೆಲವೇ ಡಾಲರ್. ಸೈನಿಕರ ಹೆಂಡತಿಯರಿಗೆ ಸರ್ಕಾರದ ಭತ್ಯೆ ಬರುತ್ತಿತ್ತು, ಇವರ ಹೆಂಡತಿಯರಿಗೆ ಇಲ್ಲ. ಯುದ್ಧ ಮುಗಿದ ಮೇಲೆ ಸೈನಿಕರು ಸರ್ಕಾರದ ದುಡ್ಡಿನಲ್ಲಿ ಕಾಲೇಜು ಓದಿದರು, ಇವರಿಗೆ ಅದೂ ಇಲ್ಲ. ಹಾಗಾದರೆ ಮನೆ ಹೇಗೆ ನಡೆಯಿತು? ಹೆಂಡತಿ ದುಡಿದಳು. ಗಂಡನ ಶಿಬಿರದ ಹತ್ತಿರ ಕೋಣೆ ಹಿಡಿದು ಮನೆಗೆಲಸಕ್ಕೆ ಹೋದವರಿದ್ದಾರೆ. ಟೀಚರ್ ಸರ್ಟಿಫಿಕೇಟು ಇದ್ದವರು ಶಾಲೆಗೆ ವಾಪಸ್ ಹೋದರು. ಕಾಲೇಜು ಹುಡುಗಿಯರು ಕೆಲವರು ಬೇಸಿಗೆ ರಜೆಯಲ್ಲಿ ಅದೇ ಮಾನಸಿಕ ಆಸ್ಪತ್ರೆಗಳಿಗೆ ಹೋಗಿ ದುಡಿದರು. ಆ ಆಸ್ಪತ್ರೆಗಳ ದುಃಸ್ಥಿತಿ ನೋಡಿ ಬಂದ ಮೇಲೆ ಮೆನೊನೈಟರು ತಾವೇ ಮಾನಸಿಕ ಆರೋಗ್ಯ ಕೇಂದ್ರಗಳನ್ನು ಕಟ್ಟಿದರು. ನ್ಯೂಟನ್‌ನ ಪ್ರೇರಿ ವ್ಯೂ 1954ರಲ್ಲಿ ಶುರುವಾಯಿತು. ಯುದ್ಧ ಒಲ್ಲೆ ಎಂದ ಗಂಡಸರ ಹೆಸರು ಇತಿಹಾಸದ ಪುಸ್ತಕದಲ್ಲಿದೆ. ಆ 'ಒಲ್ಲೆ'ಯ ಖರ್ಚು ಕೊಟ್ಟವರ ಹೆಸರು ನಿಧನ ವಾರ್ತೆಯಲ್ಲಿ ಮಾತ್ರ ಸಿಗುತ್ತದೆ, ಅದೂ "ಗೃಹಿಣಿ" ಎಂಬ ಒಂದು ಮಾತಿನೊಳಗೆ.

ಗೃಹಿಣಿ ಅಂದರೆ ಏನೇನು

ಶನಿವಾರದ ಅಡುಗೆಮನೆಗೆ ಹೋಗೋಣ. ಜ್ವೀಬಾಕ್ ಎಂಬ ಜೋಡಿ ಉಂಡೆಯ ಬನ್ನು ಮಾಡುವ ದಿನ. ಹಾಲು, ಬೆಣ್ಣೆ ಅಥವಾ ಹಂದಿ ಕೊಬ್ಬು, ಕೆಲವರ ಮನೆಯಲ್ಲಿ ಆಲೂಗಡ್ಡೆ ಬೇಯಿಸಿದ ನೀರು ಹಾಕಿ ಕಲಸಿದ ಮೆತ್ತನೆಯ ಹಿಟ್ಟು. ಹೆಬ್ಬೆರಳು ತೋರುಬೆರಳಿನ ನಡುವೆ ಹಿಟ್ಟನ್ನು ಹಿಂಡಿದರೆ ಉಂಡೆಯೊಂದು ಮೇಲೆ ಉಬ್ಬಿ ಬರುತ್ತದೆ. ಅದನ್ನು ಕಿತ್ತು ತಟ್ಟೆಯಲ್ಲಿಡಬೇಕು. ಇನ್ನೊಂದು ಸಣ್ಣ ಉಂಡೆ ಹಿಂಡಿ ಅದರ ತಲೆ ಮೇಲೆ ಕೂರಿಸಿ, ಬೆರಳನ್ನು ನಟ್ಟನಡುವೆ ಕೆಳಗಿನವರೆಗೂ ಒತ್ತಬೇಕು. ಒತ್ತಿದ್ದು ಕಡಿಮೆಯಾದರೆ ಒಲೆಯಲ್ಲಿ ಮೇಲಿನ ಉಂಡೆ ಜಾರಿ ಪಕ್ಕಕ್ಕೆ ವಾಲುತ್ತದೆ. ಭಾನುವಾರ ಮಧ್ಯಾಹ್ನ ಹೇಳದೆ ಕೇಳದೆ ನೆಂಟರು ಬರುವ ಪದ್ಧತಿ. ಆಗ 'ಫಾಸ್ಪಾ' ಎಂಬ ಸಂಜೆ ತಿಂಡಿ. ಜ್ವೀಬಾಕ್, ಜಾಮ್, ಚೀಸ್, ತಣ್ಣನೆಯ ಮಾಂಸ, ಕಾಫಿ. ಭಾನುವಾರ ಒಲೆ ಹಚ್ಚಬಾರದು, ಆದರೆ ಬಂದವರು ಹಸಿದು ಹೋಗಬಾರದು. ಅದಕ್ಕೆ ಶನಿವಾರವೇ ರಾಶಿ ರಾಶಿ ಮಾಡಿಡುವುದು. ವಾಲಿದ ಬನ್ನು ತಟ್ಟೆಯ ತಳಕ್ಕೆ ಹೋಗುತ್ತದೆ, ನೇರ ನಿಂತದ್ದು ಮೇಲಕ್ಕೆ. ಉಳಿದದ್ದನ್ನು ಮತ್ತೆ ಒಲೆಯಲ್ಲಿಟ್ಟು ಗರಿಗರಿ ಒಣಗಿಸಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ರಷ್ಯಾದಿಂದ ಹಡಗು ಹತ್ತಿದವರ ಬುತ್ತಿಯಲ್ಲಿದ್ದದ್ದು ಅದೇ.

ಉಳಿದ ಅಡುಗೆಯಲ್ಲೂ ಹೀಗೇ ವಲಸೆಯ ಗುರುತು. ಹಸಿ ಚೀಸ್ ತುಂಬಿ ಬೇಯಿಸುವ ವೆರೆನಿಕೆ ಯುಕ್ರೇನಿನದು. ಎಲೆಕೋಸಿನ ಸಾರು ಬೋರ್ಶ್ಟ್ ಅಲ್ಲಿಯದೇ. ಬೇಸಿಗೆಯಲ್ಲಿ ಕಲ್ಲಂಗಡಿ ಹಣ್ಣಿನ ಜೊತೆ ಕರಿದ ರೋಲ್‌ಕುಖೆನ್ ತಿನ್ನುವುದೂ ಅಲ್ಲಿಂದ ಬಂದ ಅಭ್ಯಾಸ. ಸಿಹಿ ಕಲ್ಲಂಗಡಿ, ಉಪ್ಪುಪ್ಪು ಕರಿದ ಹಿಟ್ಟು. ವಿಚಿತ್ರ ಅನ್ನಿಸಿದರೂ ಜೋಡಿ ಚೆನ್ನಾಗಿರುತ್ತದಂತೆ.

ಇನ್ನು ಹೊಲಿಗೆ ಕೂಟ. ತಿಂಗಳಿಗೊಮ್ಮೆಯೋ ಎರಡು ಸಲವೋ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಸೇರುತ್ತಿದ್ದರು. ಮರದ ಚೌಕಟ್ಟಿಗೆ ಕೌದಿ ಬಿಗಿದು ಸುತ್ತ ಎಂಟು ಹತ್ತು ಜನ ಕೂರುತ್ತಾರೆ. ನೋಡುವವರಿಗೆ ಹರಟೆಯ ಜಾಗ. ಆದರೆ ಬಹುಕಾಲ ಚರ್ಚಿನ ಸಭೆಗಳಲ್ಲಿ ಹೆಂಗಸರಿಗೆ ಮಾತಿಲ್ಲ, ಮತವಿಲ್ಲ. 1911ರಲ್ಲಿ ಫಿಲಡೆಲ್ಫಿಯಾದಲ್ಲಿ ಆನ್ ಆಲೆಬಾಕ್ ಪಾದ್ರಿ ದೀಕ್ಷೆ ಪಡೆದಳು. ಉತ್ತರ ಅಮೆರಿಕದ ಮೆನೊನೈಟರಲ್ಲಿ ಆಕೆಯೇ ಮೊದಲಿಗಳು. ಆಮೇಲೆ 1973ರಲ್ಲಿ ಇಲಿನಾಯ್‌ನ ಎಮ್ಮಾ ರಿಚರ್ಡ್ಸ್‌ವರೆಗೆ ಅರವತ್ತು ವರ್ಷಗಳ ಖಾಲಿ. ಆ ಖಾಲಿಯಲ್ಲಿ ಹೆಂಗಸರು ತಾವೇ ಅಧ್ಯಕ್ಷೆ, ತಾವೇ ಖಜಾಂಚಿ ಆಗಿ, ತಾವೇ ದುಡ್ಡು ಎತ್ತಿ, ಯಾವ ದೇಶಕ್ಕೆ ಏನು ಕಳಿಸಬೇಕು ಅಂತ ನಿರ್ಧರಿಸಿದ್ದು ಈ ಹೊಲಿಗೆ ಕೂಟಗಳಲ್ಲಿ. ಪರದೇಶದ ಭೂಪಟವನ್ನು ಚರ್ಚಿನ ಗಂಡಸರಿಗಿಂತ ಇವರೇ ಚೆನ್ನಾಗಿ ಓದುತ್ತಿದ್ದರು ಅನ್ನಿಸುತ್ತದೆ.

ಆ ಭೂಪಟದಲ್ಲಿ ಭಾರತವೂ ಇತ್ತು. 1897ರ ಬರಗಾಲದಲ್ಲಿ ಅಮೆರಿಕದ ಮೆನೊನೈಟರು ಕೂಡಿಸಿದ ಸಹಾಯ ಭಾರತಕ್ಕೆ ಬಂತು. ಅದರ ಹಿಂದೆಯೇ 1899ರಲ್ಲಿ ಛತ್ತೀಸ್‌ಗಢದ ಧಮ್ತರಿಯಲ್ಲಿ, ಆಮೇಲೆ ಚಾಂಪಾದಲ್ಲಿ ಮಿಷನ್ ಶುರುವಾಯಿತು. ಚಾಂಪಾದ ಕುಷ್ಠರೋಗಿಗಳ ಆಸ್ಪತ್ರೆ 1902ರದು. ನಮ್ಮ ರಾಯಚೂರಿನ ಆಚೆಗೇ ಇರುವ ಗದ್ವಾಲ್, ಮಹಬೂಬ್‌ನಗರ ಕಡೆಯ ಮೆನೊನೈಟ್ ಬ್ರೆದ್ರನ್ ಚರ್ಚುಗಳೂ ಇದೇ ಬಳಗದವು. ಕಾನ್ಸಾಸ್‌ನ ಹೊಲದ ಮನೆಯ ಹೆಂಗಸಿಗೆ ಪಕ್ಕದ ರಾಜ್ಯದ ರಾಜಧಾನಿಗಿಂತ ಇಂಥ ಊರುಗಳ ಹೆಸರು ಚೆನ್ನಾಗಿ ಗೊತ್ತಿರುತ್ತಿತ್ತು.

ಪರಿಹಾರ ಕೆಲಸದ ದೊಡ್ಡ ಸಂಸ್ಥೆ ಮೆನೊನೈಟ್ ಸೆಂಟ್ರಲ್ ಕಮಿಟಿ. 1920ರಲ್ಲಿ ಹುಟ್ಟಿತು, ರಷ್ಯಾದಲ್ಲಿ ಉಳಿದಿದ್ದ ತಮ್ಮವರು ಹಸಿವಿನಿಂದ ಸಾಯುತ್ತಿದ್ದಾರೆ ಅಂತ ಕೇಳಿ. 1946ರಲ್ಲಿ ಮಾಂಸವನ್ನು ಡಬ್ಬಿಗೆ ತುಂಬುವ ಯಂತ್ರವನ್ನು ಗಾಡಿ ಮೇಲೆ ಕಟ್ಟಿ ಊರೂರಿಗೆ ಕಳಿಸಿದರು. ಗಾಡಿ ಬಂದ ದಿನ ಊರವರೆಲ್ಲ ಸೇರಿ ಮಾಂಸ ಕೊಚ್ಚಿ, ಬೇಯಿಸಿ, ಡಬ್ಬಿ ತೊಳೆದು ಚೀಟಿ ಅಂಟಿಸುತ್ತಾರೆ. ಅದು ಯುದ್ಧ ನಡೆದ ದೇಶಗಳಿಗೆ ಹೋಗುತ್ತದೆ. ಆ ಗಾಡಿ ಈಗಲೂ ಓಡಾಡುತ್ತದೆ. ಕಾನ್ಸಾಸ್‌ನ ಹಚಿನ್‌ಸನ್‌ನಲ್ಲಿ ಪ್ರತಿ ವಸಂತದಲ್ಲಿ ನಡೆಯುವ ಪರಿಹಾರ ಸಂತೆಯಲ್ಲಿ ಕೌದಿಗಳನ್ನು ಹರಾಜು ಹಾಕುತ್ತಾರೆ. ತಿಂಗಳುಗಟ್ಟಲೆ ಹೊಲಿದ ಕೌದಿಯನ್ನು ಹೊಲಿದವಳ ತಮ್ಮನೋ ಮಗನೋ ದುಬಾರಿ ಬೆಲೆಗೆ ಕೊಳ್ಳುವುದೂ ಉಂಟು. ದುಡ್ಡು ಪರಿಹಾರಕ್ಕೆ ಹೋಗುತ್ತದೆ, ಕೌದಿ ಮನೆಗೇ ವಾಪಸ್ ಬರುತ್ತದೆ.

ಈ ದಾರಿಯಲ್ಲಿ ಒಬ್ಬಿಬ್ಬರ ಹೆಸರು ಹೊರಗೂ ಕೇಳಿಸಿತು. ಹೆಸ್ಟನ್‌ನಲ್ಲಿ ಬೆಳೆದ ಎಡ್ನಾ ರೂತ್ ಬೈಲರ್ 1946ರ ಸುಮಾರಿಗೆ ಪೋರ್ಟೊ ರಿಕೊಗೆ ಹೋದಾಗ ಅಲ್ಲಿನ ಬಡ ಹೆಂಗಸರ ಕಸೂತಿ ನೋಡಿದರು. ಒಂದಷ್ಟನ್ನು ತಂದು ಪೆನ್ಸಿಲ್ವೇನಿಯಾದಲ್ಲಿ ಕಾರಿನ ಡಿಕ್ಕಿಯಿಂದಲೇ ಮಾರಿದರು. ಹೊಲಿಗೆ ಕೂಟಗಳೇ ಮೊದಲ ಗಿರಾಕಿಗಳು. ಮಧ್ಯವರ್ತಿ ಇಲ್ಲದೆ ಕಸುಬಿನವರಿಗೆ ಸರಿಯಾದ ಬೆಲೆ ಕೊಡುವ ಈ ಕೆಲಸ ಬೆಳೆದು 1996ರಲ್ಲಿ 'ಟೆನ್ ಥೌಸಂಡ್ ವಿಲೇಜಸ್' ಎಂಬ ಹೆಸರು ಪಡೆಯಿತು. ಭಾರತ ಇರುವುದು ಹಳ್ಳಿಗಳಲ್ಲಿ ಎಂಬ ಗಾಂಧಿಯ ಮಾತು ಆ ಹೆಸರಿಗೆ ಪ್ರೇರಣೆ. ಮನೆಗೆ ಬಂದವರಿಗೆ ತಿನ್ನಲು ಕೊಡದೆ ಕಳಿಸದ ಗೃಹಿಣಿ ಕಟ್ಟಿದ ವ್ಯಾಪಾರ ಅದು.

ಇನ್ನೊಬ್ಬರು ನ್ಯೂಟನ್‌ನಲ್ಲಿ 1940ರಲ್ಲಿ ಹು‍ಟ್ಟಿದ ಡೋರಿಸ್ ಜಾನ್ಜೆನ್ ಲಾಂಗಾಕರ್. 1970ರ ದಶಕದ ಆಹಾರ ಬಿಕ್ಕಟ್ಟಿನಲ್ಲಿ ಸೆಂಟ್ರಲ್ ಕಮಿಟಿ ತನ್ನವರಿಗೆ ಊಟದ ಖರ್ಚನ್ನು ಶೇ. 10ರಷ್ಟು ಇಳಿಸಿ ಎಂದಿತು. ಇಳಿಸುವುದು ಹೇಗೆ ಅಂತ ಹೇಳುವವರು ಯಾರು? ಗೃಹಿಣಿಯರೇ. ಡೋರಿಸ್ ಅವರಿಂದಲೇ ಪಾಕವಿಧಾನ ತರಿಸಿ 1976ರಲ್ಲಿ 'ಮೋರ್ ವಿತ್ ಲೆಸ್' ಅಡುಗೆ ಪುಸ್ತಕ ಮಾಡಿದರು. ಮಾಂಸ ಕಡಿಮೆ, ಬೇಳೆಕಾಳು ಜಾಸ್ತಿ. ಪರದೇಶದಲ್ಲಿ ಕೆಲಸ ಮಾಡಿ ಬಂದವರ ಜೊತೆ ನಮ್ಮ ಬೇಳೆ ಅಡುಗೆಯೂ ಕಾನ್ಸಾಸ್‌ನ ಊಟದ ಮೇಜಿಗೆ ಬಂತು. ಡೋರಿಸ್ 1979ರಲ್ಲಿ, ನಲವತ್ತು ತುಂಬುವ ಮುಂಚೆಯೇ, ಕ್ಯಾನ್ಸರ್‌ನಿಂದ ತೀರಿಕೊಂಡರು.

ಮತ್ತೆ ಶಾಲೆ, ಆಮೇಲೆ ಅಜ್ಜಿ

ಮಕ್ಕಳು ಶಾಲೆಗೆ ಹೋಗಲು ಶುರುವಾದ ಮೇಲೆ ಎಷ್ಟೋ ಜನ ಮತ್ತೆ ಟೀಚರ್ ಆದರು. ಅಷ್ಟರಲ್ಲಿ ಕಾಲ ಬದಲಾಗಿತ್ತು. ಏಕೋಪಾಧ್ಯಾಯ ಶಾಲೆಗಳು 1950ರಲ್ಲಿ 60,000ಕ್ಕೆ ಇಳಿದಿದ್ದವು, 1970ರಲ್ಲಿ ಎರಡು ಸಾವಿರವೂ ಉಳಿಯಲಿಲ್ಲ. ಹಳ್ಳಿ ಶಾಲೆಗಳನ್ನು ಒಟ್ಟು ಸೇರಿಸಿ ಬಸ್ಸು ಓಡಿಸಿದರು. ಹಳೆಯ ಸರ್ಟಿಫಿಕೇಟು ಸಾಲದು, ಡಿಗ್ರಿ ಬೇಕು ಎಂದರು. ನಲವತ್ತು ದಾಟಿದ ಹೆಂಗಸರು ಬೇಸಿಗೆ ರಜೆಗಳಲ್ಲಿ ಬೆಥೆಲ್‌ಗೋ ಹಿಲ್ಸ್‌ಬರೊದ ಟೇಬರ್ ಕಾಲೇಜಿಗೋ ಹೋಗಿ, ಮಗಳ ವಯಸ್ಸಿನವರ ಪಕ್ಕ ಕೂತು, ವರ್ಷಗಟ್ಟಲೆ ತುಂಡು ತುಂಡಾಗಿ ಡಿಗ್ರಿ ಮುಗಿಸಿದರು. ಹಾಗಾಗಿ ನಿಧನ ವಾರ್ತೆಯಲ್ಲಿ ಮದುವೆಯ ವರ್ಷಕ್ಕೂ ಪದವಿಯ ವರ್ಷಕ್ಕೂ ಇಪ್ಪತ್ತು ವರ್ಷದ ಅಂತರ ಕಂಡರೆ ಅಚ್ಚು ತಪ್ಪಾಗಿದೆ ಅಂದುಕೊಳ್ಳಬೇಡಿ. 1962ರಿಂದ ಸೆಂಟ್ರಲ್ ಕಮಿಟಿ ಆಫ್ರಿಕಾದ ಶಾಲೆಗಳಿಗೆ ಟೀಚರುಗಳನ್ನು ಕಳಿಸತೊಡಗಿತು. ಅಮ್ಮ ಭೂಪಟದಲ್ಲಿ ಮಾತ್ರ ಕಂಡ ದೇಶಗಳಿಗೆ ಮಕ್ಕಳು ಹೋಗಿ ಪಾಠ ಮಾಡಿದರು.

ಅಜ್ಜಿಯಾಗುವ ಹೊತ್ತಿಗೆ ಪ್ಲೌಟ್‌ಡೀಚ್ ಮನೆಯಿಂದ ಹೊರಟುಹೋಗಿರುತ್ತಿತ್ತು. ಅಕ್ಕತಂಗಿಯರು ಸೇರಿದಾಗ, ಇಲ್ಲವೇ ಮಕ್ಕಳಿಗೆ ಗೊತ್ತಾಗಬಾರದ ಮಾತಿದ್ದಾಗ ಮಾತ್ರ ಹೊರಬರುತ್ತಿತ್ತು. ಹಾಡು ಮಾತ್ರ ಉಳಿಯಿತು. ವಾದ್ಯವಿಲ್ಲದೆ ನಾಲ್ಕು ದನಿಗಳನ್ನು ಹೆಣೆದು ಇಡೀ ಸಭೆ ಹಾಡುವ ಅಭ್ಯಾಸ. 1969ರ ಸ್ತೋತ್ರ ಪುಸ್ತಕದ 606ನೇ ಹಾಡನ್ನು ಎಷ್ಟು ಜನ ಬಾಯಿಪಾಠ ಮಾಡಿದ್ದರೆಂದರೆ, ಹಾಡಿನ ಹೆಸರೇ 606 ಆಗಿಬಿಟ್ಟಿತು. ಇನ್ನೊಂದು ಉಳಿದದ್ದು ನಂಟು ಹುಡುಕುವ ಚಟ. ಇಬ್ಬರು ಮೆನೊನೈಟರು ಎಲ್ಲೇ ಭೇಟಿಯಾಗಲಿ, ಉನ್ರೂ ಮನೆತನ ಅಂದರೆ ಯಾವ ಉನ್ರೂ, ಅಮ್ಮ ಯಾರ ಮನೆಯವರು, ಯಾವ ಚರ್ಚು ಅಂತ ಶುರು. ಐದು ನಿಮಿಷದಲ್ಲಿ ಒಬ್ಬ ದೂರದ ಚಿಕ್ಕಮ್ಮ ಸಿಕ್ಕೇ ಸಿಗುತ್ತಾಳೆ. ಇದಕ್ಕೆ ಅವರಲ್ಲಿ 'ಮೆನೊನೈಟ್ ಆಟ' ಅಂತಲೇ ಹೆಸರು. ಅಜ್ಜಿಯರು ಈ ಆಟದಲ್ಲಿ ಸೋತದ್ದಿಲ್ಲ. ಆದರೆ ಈಗ ಜಗತ್ತಿನ ಮೆನೊನೈಟರಲ್ಲಿ ಹೆಚ್ಚಿನವರು ಇಥಿಯೋಪಿಯಾ, ಕಾಂಗೊ, ಭಾರತದಂಥ ದೇಶಗಳಲ್ಲಿದ್ದಾರೆ. ಅವರ ಮನೆತನದ ಹೆಸರುಗಳು ಈ ಆಟಕ್ಕೆ ಸಿಗುವಂಥವಲ್ಲ.

ನಿವೃತ್ತಿಯ ನಂತರದ ಕೆಲಸಕ್ಕೂ ಒಂದು ಜಾಗ ಹುಟ್ಟಿಕೊಂಡಿತು. 1972ರಲ್ಲಿ ಮ್ಯಾನಿಟೋಬಾದ ಆಲ್ಟೋನಾದಲ್ಲಿ ನಾಲ್ವರು ಹೆಂಗಸರು ಹಳೆಯ ಬಟ್ಟೆ, ಪಾತ್ರೆ ಮಾರುವ ಅಂಗಡಿ ತೆರೆದರು. ಬಂದ ಲಾಭ ಸೆಂಟ್ರಲ್ ಕಮಿಟಿಗೆ. ಅದನ್ನು ನೋಡಿ ಕೆನಡಾ, ಅಮೆರಿಕದ ಊರೂರಿನಲ್ಲಿ ಅಂಥವು ಎದ್ದವು. ಗುಂಡಿ ಬಿಚ್ಚಿಡುವುದು, ಕಲೆ ತೆಗೆಯುವುದು, ಬೆಲೆ ಚೀಟಿ ಅಂಟಿಸುವುದು, ಗಲ್ಲಾಪೆಟ್ಟಿಗೆ ನೋಡುವುದು ಹೆಚ್ಚಾಗಿ ನಿವೃತ್ತ ಹೆಂಗಸರೇ. ಸಂಬಳವಿಲ್ಲ. ಹೊಲಿಗೆ ಕೂಟಗಳಲ್ಲೂ ಕೈಗಳು ಕಡಿಮೆಯಾಗುತ್ತಿವೆ. ಇವರ ಹೆಣ್ಣುಮಕ್ಕಳು ಅರವತ್ತೈದರವರೆಗೆ ಸಂಬಳದ ಕೆಲಸದಲ್ಲಿರುತ್ತಾರೆ, ಮದುವೆಯಾದರೆ ಯಾರೂ ಅವರನ್ನು ಮನೆಗೆ ಕಳಿಸುವುದಿಲ್ಲ. ಅದು ಒಳ್ಳೆಯದೇ ಆಯಿತು. ವಾರದ ನಡುವೆ ಮಂಗಳವಾರ ಬೆಳಿಗ್ಗೆ ಕೌದಿಯ ಚೌಕಟ್ಟಿನ ಸುತ್ತ ಕೂರಲು ಮಾತ್ರ ಈಗ ಯಾರಿಗೂ ಬಿಡುವಿಲ್ಲ. ಕೆಲವು ಚರ್ಚುಗಳು ಕೂಟವನ್ನು ಶನಿವಾರಕ್ಕೆ ಬದಲಾಯಿಸಿ, ಗಂಡಸರನ್ನೂ ಕರೆದು, ಕೈಯಲ್ಲಿ ಹೊಲಿಯುವ ಬದಲು ಗಂಟು ಹಾಕಿ ಬೇಗ ಮುಗಿಸುವ ಹೊದಿಕೆಗಳನ್ನು ಮಾಡತೊಡಗಿವೆ.